ಮಳೆಗಾಲದ ತೇವ: ಗೋಡೆಗೂ ಕೇಡು, ಕಾಳಿಗೂ ಕೇಡು

ಮೃಗಶಿರ ಮಳೆ ಹಿಡಿದರೆ ರೈತನ ಕಣ್ಣು ಹೊಲದ ಮೇಲೆ. ಬಿತ್ತನೆ, ನಾಟಿ, ಗೊಬ್ಬರ, ಆಳು ಎಂದು ಓಡಾಡುವ ಆ ದಿನಗಳಲ್ಲಿ ಮನೆಯೊಳಗೆ ನೋಡಲು ಆತನಿಗೆ ಪುರಸೊತ್ತಿಲ್ಲ. ಆದರೆ ಹೋದ ಸುಗ್ಗಿಯ ದುಡಿಮೆಯೆಲ್ಲ ಮೂಟೆಗಳಲ್ಲಿ ಮನೆಯೊಳಗೇ ಇರುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಗೋಡೆ ಬೆವರುತ್ತದೆ, ಚೀಲದ ತಳದ ಕಾಳು ಬೂಷ್ಟು ಹಿಡಿಯುತ್ತದೆ. ಮಳೆಗಾಲವೆಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುವುದು ವಾಡಿಕೆ. ಈ ವಾಡಿಕೆಯನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ಏಕೆಂದರೆ ಬೂಷ್ಟಿನಿಂದ ಆಗುವ ನಷ್ಟ ರುಚಿಗೆ ಮಾತ್ರವಲ್ಲ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ, ಮಳೆಗೆ ತೊಯ್ದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರು ಕಾಮಾಲೆಗೆ ಬಿದ್ದರು. ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬೂಷ್ಟು ಹುಟ್ಟಿಸುವ ಅಫ್ಲಟಾಕ್ಸಿನ್ ಎಂಬ ವಿಷವೇ ಅದಕ್ಕೆ ಕಾರಣ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ಕೆಲವು ಹಳ್ಳಿಗಳಲ್ಲಿ ಮಳೆಗೆ ಕೆಟ್ಟ ಜೋಳ, ಮೆಕ್ಕೆಜೋಳ ಉಂಡವರಿಗೆ ಹೊಟ್ಟೆನೋವು, ಭೇದಿ ಹತ್ತಿತು. ಅಲ್ಲಿಯೂ ಬೂಷ್ಟಿನ ವಿಷವೇ, ಆದರೆ ಬೇರೆ ಜಾತಿಯದು. ಅಫ್ಲಟಾಕ್ಸಿನ್ ಬೇಯಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಕಾಳನ್ನಾಗಲಿ ಶೇಂಗಾ ಹಿಂಡಿಯನ್ನಾಗಲಿ ದನಕ್ಕೆ ಹಾಕಿದರೆ ಅದರ ಅಂಶ ಹಾಲಿಗೂ ಇಳಿಯುತ್ತದೆ.

ಹಿಂದಿನವರು ಇದಕ್ಕೆ ಮನೆ ಕಟ್ಟುವಾಗಲೇ ಉಪಾಯ ಮಾಡಿಕೊಂಡಿದ್ದರು. ಎತ್ತರದ ಜಗಲಿ, ಮುಂದಕ್ಕೆ ಚಾಚಿದ ಸೂರು, ಗಾಳಿಮಳೆ ಬಡಿಯುವ ಕಡೆ ಅಡಕೆ ಸೋಗೆಯ ತಟ್ಟಿ, ಒಲೆಯ ಮೇಲೆ ಅಟ್ಟ. ಬೀಜಕ್ಕೆ ಇಟ್ಟ ತೆನೆ ಆ ಹೊಗೆಯಲ್ಲಿ, ಆ ಕಾವಿನಲ್ಲಿ ಒಣಗಿರುತ್ತಿತ್ತು. ಈಗ ಗ್ಯಾಸ್ ಒಲೆ ಬಂದಿದೆ, ಹೆಂಗಸರ ಕಣ್ಣಿಗೂ ಎದೆಗೂ ಹೊಗೆಯ ಕಾಟ ತಪ್ಪಿದೆ. ಅದು ಒಳ್ಳೆಯದೇ. ಆದರೆ ಅಟ್ಟದ ಕಾವೂ ಹೊಗೆಯೊಡನೆ ಹೋಯಿತೆಂಬುದನ್ನು ಮರೆತು, ಬೀಜವನ್ನು ಇನ್ನೂ ಅಲ್ಲಿಯೇ ಇಡುವವರಿದ್ದಾರೆ. ಮನೆ ಬದಲಾದ ಮೇಲೆ ಪದ್ಧತಿಯೂ ಬದಲಾಗಬೇಕು.

ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ನೆಲದ ಮೇಲೆ ಒಂದು ಮೊಳದ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳನ್ನು ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಹನಿ ಕಂಡರೆ ತೇವ ನೆಲದ್ದು. ಮೇಲೆ ಕಂಡರೆ ಗಾಳಿಯದು. ಬತ್ತಿ ಎಣ್ಣೆಯನ್ನು ಎಳೆಯುವಂತೆ ಗೋಡೆ ನೆಲದ ನೀರನ್ನು ಎರಡು ಮೂರು ಅಡಿಯವರೆಗೆ ಮೇಲಕ್ಕೆ ಎಳೆಯುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬಳಿದರೆ ಈ ನೀರು ಒಳಗೇ ಸಿಕ್ಕಿಬಿದ್ದು ಗೋಡೆ ಒಳಗಿನಿಂದ ಕೊಳೆಯುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ, ಅದು ಉಸಿರಾಡುತ್ತದೆ. ಹೊಸ ಮನೆ ಕಟ್ಟುವವರು ತಳಪಾಯದ ಮೇಲೆ ತೇವ ತಡೆಯುವ ಕಾಂಕ್ರೀಟ್ ಪದರ ಹಾಕಿಸದೆ ಗೋಡೆ ಎಬ್ಬಿಸಬಾರದು. ಅಲ್ಲಿ ಉಳಿಸಿದ ಹಣ ಮುಂದೆ ಪ್ರತಿ ವರ್ಷ ದುರಸ್ತಿಗೆ ಹೋಗುತ್ತದೆ.

ಗಾಳಿಯ ತೇವಕ್ಕೆ ಬೇರೆ ದಾರಿ. ಜಡಿಮಳೆಯಲ್ಲಿ ಕಾಳಿನ ಕೋಣೆಯ ಕಿಟಕಿ ತೆರೆದಿಡುವುದರಿಂದ ಒಣಗುವುದಿಲ್ಲ, ಇನ್ನಷ್ಟು ತೇವ ಒಳಗೆ ಬರುತ್ತದೆ. ಹೊಳವು ಕೊಟ್ಟು ಬಿಸಿಲು ಬಿದ್ದಾಗ ತೆರೆಯಿರಿ. ಅಡುಗೆಮನೆ, ಬಚ್ಚಲುಮನೆಯ ಹಬೆ ಮಾತ್ರ ಯಾವಾಗಲೂ ನೇರ ಹೊರಕ್ಕೆ ಹೋಗಲಿ. ಒದ್ದೆ ಬಟ್ಟೆಯನ್ನು ಕಾಳಿನ ಕೋಣೆಯಲ್ಲಿ ಹರವಬೇಡಿ.

ಕಾಳು ಒಣಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯೊಂದಿದೆ. ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಚೆನ್ನಾಗಿ ಒಣಗಿಸಿ ಆರಿಸಿ. ಒಣಗಿದ ಗಾಜಿನ ಬಾಟಲಿಗೆ ಒಂದೆರಡು ಹಿಡಿ ಕಾಳು, ಎರಡು ಚಮಚ ಉಪ್ಪು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಅಲುಗಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ತೇವವಿದೆ. ಮತ್ತೆ ಬಿಸಿಲು ಕಾಣಿಸಬೇಕು. ಅಂಟದಿದ್ದರೂ ನಿರ್ಲಕ್ಷ್ಯ ಬೇಡ. ಮಳೆಗಾಲ ದಾಟಿಸುವ ಧಾನ್ಯ ಶೇಕಡಾ 12ಕ್ಕೆ, ಶೇಂಗಾ ಬೀಜ ಶೇಕಡಾ 8ಕ್ಕೆ ಇಳಿದಿದ್ದರೆ ಕ್ಷೇಮ. ಚೀಲಗಳನ್ನು ನೆಲಕ್ಕಿಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ ಜೋಡಿಸಿ. ಬಿತ್ತನೆ ಬೀಜವನ್ನು ಪೂರ್ತಿ ಒಣಗಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹಸಿ ಬೀಜವನ್ನು ಮುಚ್ಚಿಟ್ಟರೆ ಅದು ಬೇಗ ಕೆಡುತ್ತದೆ.

ಇಷ್ಟೆಲ್ಲ ರೈತನ ಪಾಲಿನದು. ಪಂಚಾಯಿತಿಯ ಪಾಲೂ ಇದೆ. ಊರೊಳಗೆ ಹಳೆಯ ರಸ್ತೆಯ ಮೇಲೆಯೇ ಹೊಸ ಕಾಂಕ್ರೀಟ್ ಸುರಿದು, ರಸ್ತೆ ಜಗಲಿಗಿಂತ ಎತ್ತರವಾದ ಹಳ್ಳಿಗಳು ಎಷ್ಟೋ ಇವೆ. ಬಿದ್ದ ಮಳೆಯೆಲ್ಲ ಬಡವರ ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಮನೆಯಾತ ಏನು ಮಾಡಿದರೂ ಗೋಡೆ ಒಣಗದು. ಚರಂಡಿಯಿಲ್ಲದ ರಸ್ತೆಗೆ ಗ್ರಾಮಸಭೆ ಒಪ್ಪಿಗೆ ಕೊಡಬಾರದು. ಹಾಗೆಯೇ ಪ್ರತಿ ಸಹಕಾರ ಸಂಘದಲ್ಲಿ ತೇವ ಅಳೆಯುವ ಯಂತ್ರವೊಂದು ರೈತರ ಉಪಯೋಗಕ್ಕೆ ಇರಬೇಕೆಂದು ಸದಸ್ಯರು ಸಭೆಯಲ್ಲಿ ಕೇಳಬೇಕು.

ಬೆಳೆದದ್ದನ್ನು ಉಳಿಸಿಕೊಳ್ಳುವುದೂ ಬೇಸಾಯವೇ. ಆರಿದ್ರಾ ಮಳೆ ಬಾಗಿಲಿಗೆ ಬರುವ ಮೊದಲು ಒಂದು ದಿನವನ್ನು ಹೊಲಕ್ಕಲ್ಲದೆ ಮನೆಗೆ ಕೊಡಿ. ಹೆಂಚು ನೋಡಿ, ಬುಡದ ಕಾಲುವೆ ತೆಗೆಯಿರಿ, ಚೀಲ ಎತ್ತಿಡಿ. ಬೂಷ್ಟು ಹಿಡಿದ ಕಾಳು ಕಂಡರೆ ಮಕ್ಕಳ ತಟ್ಟೆಗೂ ದನದ ಬಾನಿಗೂ ಹಾಕದೆ ಹೂತುಬಿಡಿ.