ದುಡಿದದ್ದು ಅಲ್ಲಿ, ತೆರಿಗೆ ಎಲ್ಲಿ?

ಸೌದಿ, ದುಬೈ, ಕತಾರ್‌ನಲ್ಲಿ ಮನೆಯವರು ಯಾರಾದರೂ ಇದ್ದಾರೆಯೇ ಎಂದು ನಮ್ಮ ತರಗತಿಯಲ್ಲಿ ಕೇಳಿದರೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆಯ ಹಲವರು ಕೈ ಎತ್ತುತ್ತಾರೆ. ಅವರ ದುಡಿಮೆಯ ತೆರಿಗೆ ಯಾವ ದೇಶಕ್ಕೆ ಸಲ್ಲಬೇಕು ಎಂದರೆ ಎಲ್ಲರೂ ಮೌನ. ವಾಣಿಜ್ಯ ವಿಭಾಗದಲ್ಲಿ ಓದುವ ನಾನೂ ಹಾಗೆಯೇ ಇದ್ದೆ.

ಕಳೆದ ರಜೆಯಲ್ಲಿ ರಿಯಾದ್‌ನಿಂದ ಬಂದ ನನ್ನ ಮಾಮು ಬ್ಯಾಂಕಿನ ಒಂದು ಕಾಗದ ತೋರಿಸಿದರು. ಎನ್‌ಆರ್‌ಒ ಠೇವಣಿಗೆ 60,000 ರೂಪಾಯಿ ಬಡ್ಡಿ. ಅದರಲ್ಲಿ 18,720 ರೂಪಾಯಿ ಟಿಡಿಎಸ್ ಕಡಿತ. "ಬೇಟಾ, ನೀನು ಕಾಮರ್ಸ್ ಓದ್ತೀಯಲ್ಲ, ಈ ದುಡ್ಡು ವಾಪಸ್ ಬರುತ್ತಾ?" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡೆ.

ಕಾನೂನು ಮೊದಲು ದಿನಗಳನ್ನು ಎಣಿಸುತ್ತದೆ. ಕೆಲಸಕ್ಕಾಗಿ ಹೊರದೇಶಕ್ಕೆ ಹೋದ ಭಾರತೀಯರು ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಸಾಮಾನ್ಯವಾಗಿ ಅನಿವಾಸಿಗಳು. ಅವರು ಅಲ್ಲಿ ದುಡಿದು ಅಲ್ಲಿಯೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಆ ಹಣವನ್ನು ಊರಿಗೆ ಕಳಿಸಿದರೂ ಇಲ್ಲ. ಆದರೆ ಇಲ್ಲಿನ ಮನೆ ಬಾಡಿಗೆ, ಎನ್‌ಆರ್‌ಒ ಬಡ್ಡಿ ಇಲ್ಲಿನ ಆದಾಯ. ಆ ಬಡ್ಡಿಯಲ್ಲಿ ಬ್ಯಾಂಕು ಶೇ 30 ತೆರಿಗೆ, ತೆರಿಗೆಯ ಮೇಲೆ ಶೇ 4 ಸೆಸ್ ಹಿಡಿಯುತ್ತದೆ. ಎನ್‌ಆರ್‌ಇ ಖಾತೆಯ ಬಡ್ಡಿಗೆ ವಿನಾಯಿತಿ ಇದೆ.

ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳಬಾರದೆಂದು ಭಾರತ ಯುಎಇ ಜೊತೆ 1992ರಲ್ಲಿ, ಸೌದಿ ಜೊತೆ 2006ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಸೌದಿ ಒಪ್ಪಂದದ ಪ್ರಕಾರ ಬಡ್ಡಿಯ ತೆರಿಗೆ ಶೇ 10 ಮೀರುವಂತಿಲ್ಲ. ಅಲ್ಲಿನ ತೆರಿಗೆ ಇಲಾಖೆಯ ನಿವಾಸಿ ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಟ್ಟಿದ್ದರೆ ಮಾಮುವಿಗೆ 6,000 ಮಾತ್ರ ಕಡಿತವಾಗುತ್ತಿತ್ತು. ಇನ್ನೂ ಒಂದು ಮಾತು: ಅವರಿಗೆ ಭಾರತದಲ್ಲಿ ಬೇರೆ ಆದಾಯವೇ ಇಲ್ಲ. 60,000 ಮೂಲ ವಿನಾಯಿತಿ ಮಿತಿಯೊಳಗೇ ಇರುವುದರಿಂದ ರಿಟರ್ನ್ ಸಲ್ಲಿಸಿದರೆ ಪೂರ್ತಿ 18,720 ಮರಳಿ ಬರುತ್ತದೆ. ಅವರು ಎಂಟು ವರ್ಷಗಳಿಂದ ರಿಟರ್ನ್ ಸಲ್ಲಿಸಿಯೇ ಇರಲಿಲ್ಲ. ಗಡುವು ಮೀರಿದ ವರ್ಷಗಳದ್ದು ಸುಲಭವಾಗಿ ಸಿಗುವುದಿಲ್ಲ.

ಅಮೆರಿಕ, ಜರ್ಮನಿಯಂಥ ಕಡೆ ಸಂಬಳಕ್ಕೇ ತೆರಿಗೆ ಇದೆ. ಅಲ್ಲಿಂದ ವರ್ಷದ ನಡುವೆ ಮರಳಿ ಇಲ್ಲಿ ನಿವಾಸಿಯಾದವರಿಗೆ ಎರಡೂ ಕಡೆಯ ತೆರಿಗೆ ತಗುಲಬಹುದು. ಆಗ ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಿದೆ. ಕಟ್ಟಿದ್ದಕ್ಕೆ ದಾಖಲೆ ಇರಬೇಕು, ಅಷ್ಟೇ.

"ಇದೆಲ್ಲ ಆಡಿಟರ್ ನೋಡ್ಕೋತಾರೆ" ಎಂದು ಕೆಲವರು ಹೇಳಬಹುದು. ದೊಡ್ಡ ಲೆಕ್ಕವಿದ್ದವರಿಗೆ ಸರಿ. ಆದರೆ ಹದಿನೆಂಟು ಸಾವಿರಕ್ಕೆ ಶಿವಮೊಗ್ಗಕ್ಕೆ ಓಡಾಡುವವರು ಎಷ್ಟು ಮಂದಿ? ಬಿಸಿಲಲ್ಲಿ ದುಡಿದವರ ಹಣ ಹೀಗೆ ಕೇಳುವವರಿಲ್ಲದೆ ಉಳಿಯುತ್ತದೆ. ಸಲ್ಲಬೇಕಾದ ತೆರಿಗೆ ಕಟ್ಟುವುದು ಕರ್ತವ್ಯ. ಹೆಚ್ಚು ಹಿಡಿದದ್ದನ್ನು ಕೇಳಿ ಪಡೆಯುವುದು ಹಕ್ಕು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಜುಲೈ 31ರ ಗಡುವಿಗೆ ಮುಂಚೆ ವಾಣಿಜ್ಯ ವಿಭಾಗ ಒಂದು ಶನಿವಾರ ಕಾಲೇಜಿನಲ್ಲಿ ಪೋಷಕರಿಗಾಗಿ ಮಾಹಿತಿ ಶಿಬಿರ ನಡೆಸಲಿ. ವಿದ್ಯಾರ್ಥಿಗಳಾದ ನಾವು ಮನೆಯಲ್ಲಿ ಪಾಸ್‌ಪೋರ್ಟಿನ ಮುದ್ರೆಗಳಿಂದ ದಿನ ಲೆಕ್ಕ ಹಾಕೋಣ, ಖಾತೆ ಯಾವುದೆಂದು ನೋಡೋಣ, ಕಡಿತದ ಕಾಗದ ಜೋಡಿಸಿಡೋಣ. ಮಾಮುವಿನ ಈ ವರ್ಷದ ರಿಟರ್ನ್ ಸಲ್ಲಿಸಿ ಆಯಿತು. ಪಕ್ಕದಲ್ಲಿ ಕೂತು ನೋಡಿದ್ದರಿಂದ ನಾನು ಕಲಿತದ್ದು ಬಹಳ.