ಲಗ್ನಪತ್ರಿಕೆಯೊಳಗೆ ಜಾವಾ!

ಪ್ರತಿ ಸೆಮಿಸ್ಟರಿನ ಕೊನೆಗೆ ನನ್ನ ಪ್ರೆಸ್ಸಿನ ಮುಂದೆ ಎಂಜಿನಿಯರಿಂಗ್ ಹುಡುಗರ ಸಾಲು. ಲ್ಯಾಬ್ ರೆಕಾರ್ಡು, ಪ್ರಾಜೆಕ್ಟ್ ರಿಪೋರ್ಟು, ಸ್ಪೈರಲ್ ಬೈಂಡಿಂಗು. ನಾನು ಓದಿದ್ದು ಪಿಯುಸಿ. ಆದರೂ ಹಾಳೆ ಜೋಡಿಸುವಾಗ ಕಣ್ಣು ಅಕ್ಷರದ ಮೇಲೆ ಹೋಗುತ್ತದೆ. ಅಪ್ಪನ ಪಕ್ಕ ಕೂತು ಮೊಳೆ ಜೋಡಿಸಿ ಬಂದ ಚಾಳಿ. ವರ್ಷ ವರ್ಷವೂ ಅದೇ ಬ್ಯಾಂಕ್ ಅಕೌಂಟು, ಅದೇ ಶೇಪು, ಅದೇ ಸರ್ಕಲ್ಲು. ಹುಡುಗನ ಹೆಸರು, ರಿಜಿಸ್ಟರ್ ನಂಬರು ಮಾತ್ರ ಬೇರೆ!

ಸಂಜೆ ಹೊತ್ತು ನನ್ನಲ್ಲಿ ಕೆಲಸ ಮಾಡುವ ಹುಡುಗನೊಬ್ಬನಿದ್ದಾನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮೂರನೇ ಸೆಮಿಸ್ಟರಿನಲ್ಲಿ ಜಾವಾ ಫೇಲಾಯಿತು. "ಅಣ್ಣಾ, ಕಾಲೇಜು ಬಿಟ್ಟು ಇಲ್ಲೇ ಪೂರ್ತಿ ಕೆಲಸಕ್ಕೆ ಸೇರ್ಕೋತೀನಿ" ಅಂದ. ಎನ್‌ಕ್ಯಾಪ್ಸುಲೇಶನ್ ಅಂದರೇನೋ ಅಂತ ಕೇಳಿದೆ. ಇಂಗ್ಲಿಷಿನಲ್ಲಿ ಎರಡು ಸಾಲು ಗಿಳಿಪಾಠ ಒಪ್ಪಿಸಿದ. ಹಂಗಂದ್ರೆ ಏನು ಅಂದೆ. ತಲೆ ತಗ್ಗಿಸಿದ.

ಅವತ್ತು ಅವನ ಪುಸ್ತಕ ನಾನೇ ಮನೆಗೆ ಒಯ್ದೆ. ಮೂರು ತಿಂಗಳು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಓದುತ್ತಾ ನಗು ಬಂತು, ಆಮೇಲೆ ಸಿಟ್ಟು ಬಂತು. ಅಲ್ಲಿರುವುದೆಲ್ಲ ಆ ಹುಡುಗ ದಿನಾ ಸಂಜೆ ಕೈಯಾರೆ ಮಾಡುವ ಕೆಲಸವೇ!

ನೋಡಿ. ಗಿರಾಕಿ ಕೌಂಟರಿನಲ್ಲಿ ನಿಂತು ವಿವರ ಕೊಡಬೇಕು, ಒಳಗೆ ಬರಬಾರದು. ಹಿಂದೊಮ್ಮೆ ಒಬ್ಬ ಗಿರಾಕಿಯ ಭಾವಮೈದುನ, ನಮ್ಮ ಡಿಟಿಪಿ ಹುಡುಗಿ ಊಟಕ್ಕೆ ಎದ್ದಿದ್ದಾಗ ಒಳಗೆ ನುಗ್ಗಿ, ತಾನೇ ಕೀಬೋರ್ಡು ಒತ್ತಿ ಮುಹೂರ್ತದ ತಾರೀಖು ತಿದ್ದಿದ. ಜೂನ್ 31! ಯಾರೂ ನೋಡಲಿಲ್ಲ. 500 ಕಾರ್ಡು ಅಚ್ಚಾಗಿ ರದ್ದಿಗೆ ಹೋಯಿತು. ತಾರೀಖನ್ನು 'ಪ್ರೈವೇಟ್' ಮಾಡಿ, ತಿದ್ದುವುದಿದ್ದರೆ ಕೌಂಟರಿನ ಮೂಲಕವೇ ಬಾ ಅನ್ನುವುದು ಇದಕ್ಕೇ. ಕೌಂಟರಿನವನು ಜೂನ್‌ಗೆ 30 ದಿನ ಕಣಪ್ಪಾ ಅಂತ ವಾಪಸು ಕಳಿಸುತ್ತಾನೆ. ಇಷ್ಟೇ ಎನ್‌ಕ್ಯಾಪ್ಸುಲೇಶನ್.

ಇನ್ನು ಇನ್‌ಹೆರಿಟೆನ್ಸು. ಆಹ್ವಾನಪತ್ರಿಕೆ ಅಂದರೆ ದಿನ, ಜಾಗ, ಕರೆಯುವವರು. ಲಗ್ನಪತ್ರಿಕೆಗೂ ಗೃಹಪ್ರವೇಶದ ಕಾರ್ಡಿಗೂ ಇದು ಸಮಾನ. ವಧೂವರರ ಹೆಸರು ಲಗ್ನಪತ್ರಿಕೆಗೆ ಮಾತ್ರ ಹೆಚ್ಚಿಗೆ ಸೇರಿಸಿದರಾಯಿತು. ನಮ್ಮ ಹುಡುಗ ಮೊದಲು ಏನು ಬರೆದಿದ್ದ ಗೊತ್ತೇ? ಕಾರ್ಡನ್ನು ಗಿರಾಕಿಯ ಮಗ ಮಾಡಿ ಕೂರಿಸಿದ್ದ! "ಲೋ, ಕಾರ್ಡು ಒಬ್ಬ ಗಿರಾಕಿಯೇನೋ?" ಅಂದೆ. ಲಗ್ನಪತ್ರಿಕೆ ಒಂದು ಆಹ್ವಾನಪತ್ರಿಕೆ, ಸರಿ. ಆದರೆ ಕಾರ್ಡಿಗೆ ಗಿರಾಕಿ *ಇದ್ದಾನೆ*, ಕಾರ್ಡೇ ಗಿರಾಕಿ ಅಲ್ಲ. ಈ ಒಂದು ಪ್ರಶ್ನೆ ಕನ್ನಡದಲ್ಲಿ ಕೇಳಿಕೊಂಡಿದ್ದರೆ ಅರ್ಧ ತಪ್ಪು ಅಲ್ಲೇ ಸಾಯುತ್ತಿತ್ತು.

ಪಾಲಿಮಾರ್ಫಿಸಂ ಎಂಬ ಭೂತವೂ ಅಷ್ಟೇ. ನಾನು ಹೇಳುವುದು 'ಅಚ್ಚು ಹಾಕು' ಅಂತ ಒಂದೇ ಮಾತು. ಆಫ್‌ಸೆಟ್ಟು ಪ್ಲೇಟಿನಿಂದ ಬ್ಲಾಂಕೆಟ್ಟಿಗೆ, ಅಲ್ಲಿಂದ ಕಾಗದಕ್ಕೆ ಇಳಿಸುತ್ತದೆ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಮಸಿ ಜಾಲರಿಯಿಂದ ಇಳಿಯುತ್ತದೆ. ನಾಳೆ ಇನ್ನೊಂದು ಮೆಷಿನ್ ತಂದರೂ ನನ್ನ ಮಾತು ಬದಲಾಗುವುದಿಲ್ಲ.

ಇದನ್ನು ಕಟ್ಟಿದವರಾದರೂ ಯಾರು? ನಾರ್ವೆಯ ಓಲೆ ಯೊಹಾನ್ ಡಾಲ್, ಕ್ರಿಸ್ಟನ್ ನ್ಯುಗಾರ್ಡ್. ಓಸ್ಲೋದಲ್ಲಿ ಕೂತು ಹೊರಗಿನ ಲೋಕದ ಕೆಲಸಗಳನ್ನು ಕಂಪ್ಯೂಟರಿನೊಳಗೆ ಅಣಕು ಮಾಡಿ ನೋಡಲು 1960ರ ದಶಕದಲ್ಲಿ ಸಿಮುಲಾ ಭಾಷೆ ಮಾಡಿದರು. ಕ್ಲಾಸು, ಆಬ್ಜೆಕ್ಟು 1967ರ ಸಿಮುಲಾದಲ್ಲೇ ಇದ್ದವು. 2001ರ ಟ್ಯೂರಿಂಗ್ ಪ್ರಶಸ್ತಿ ಅವರಿಗೇ ಬಂತು. ಸಿಮುಲಾ ಬಳಸಿ ಅದರ ರುಚಿ ಕಂಡ ಡೆನ್ಮಾರ್ಕಿನ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಶುರು ಮಾಡಿದ ಕೆಲಸವೇ ಸಿ ಪ್ಲಸ್ ಪ್ಲಸ್ ಆಯಿತು. ಜಾವಾ ಬಂದದ್ದು 1995ರಲ್ಲಿ. ಇಡೀ ನಾರ್ವೆಯ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಕಡಿಮೆ ಸ್ವಾಮಿ! ಕೀವರ್ಡುಗಳನ್ನು ಅವರೂ ಇಂಗ್ಲಿಷಿನಲ್ಲೇ ಇಟ್ಟರು. ನಾನೂ ಅದನ್ನು ಬದಲಿಸಿ ಅನ್ನುತ್ತಿಲ್ಲ. ಇಂಗ್ಲಿಷ್ ಬೇಕು, ಕಲಿಯಿರಿ. ಆದರೆ ಅರ್ಥವಾಗುವ ಮುನ್ನವೇ ಇಂಗ್ಲಿಷ್ ವ್ಯಾಖ್ಯೆ ಬರೆಸಿ, ಅದಕ್ಕೇ ಅಂಕ ಕೊಟ್ಟು ಕಳಿಸುವ ಮೇಷ್ಟ್ರುಗಳಿಗೆ ಏನು ಹೇಳೋಣ? ಹಳೇ ರೆಕಾರ್ಡು ತಂದು ನಕಲು ಹೊಡೆಯುವ ನಿಮಗಾದರೂ ಏನು ಹೇಳೋಣ?

ಕೀಬೋರ್ಡು ಮುಟ್ಟುವ ಮುಂಚೆ ರದ್ದಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆ ಅಂದೆ ನಮ್ಮ ಹುಡುಗನಿಗೆ. ಯಾರು ಯಾರಿದ್ದಾರೆ, ಯಾರ ಹತ್ತಿರ ಏನಿದೆ, ಯಾರಿಗೆ ಯಾವ ಕೆಲಸ. ಹಾಳೆಯಿಂದ ಕಂಪ್ಯೂಟರಿಗೆ ಇಳಿಸುವಾಗ ಕ್ಲಾಸಿನ ಹೆಸರನ್ನೂ 'ಆಹ್ವಾನಪತ್ರಿಕೆ' ಅಂತ ಕನ್ನಡ ಅಕ್ಷರದಲ್ಲೇ ಹೊಡೆದ. ಜಾವಾ ಯೂನಿಕೋಡ್ ಹೆಸರುಗಳನ್ನು ಒಪ್ಪುತ್ತದೆ. ಪ್ರೋಗ್ರಾಂ ಓಡಿತು. ಹುಡುಗ ಕುರ್ಚಿಯಿಂದ ಎದ್ದೇ ನಿಂತ!

ಮರುಪರೀಕ್ಷೆ ಮುಂದಿನ ತಿಂಗಳು. ಇಂಗ್ಲಿಷಿನಲ್ಲೇ ಬರೆಯಬೇಕು, ಬರೆಯುತ್ತಾನೆ. ಕಾಲೇಜು ಬಿಡುವ ಮಾತು ಸದ್ಯಕ್ಕೆ ನಿಂತಿದೆ. ಅವನ ಜೊತೆಯವರು ಇನ್ನಿಬ್ಬರು ಬರತೊಡಗಿದ್ದಾರೆ. ರಾತ್ರಿ ಎಂಟಕ್ಕೆ ಶಟರು ಅರ್ಧ ಎಳೆದಿರುತ್ತೇನೆ, ರದ್ದಿ ಹಾಳೆ ಬೇಕಾದಷ್ಟಿದೆ.