ಆಶಾ ಅಕ್ಕನ ಪಾಠದಲ್ಲಿ ನಮ್ಮ ಏಟಿನ ಮಾತೂ ಬರಲಿ



ನಮ್ಮ ಸಂಘದ ಸದಸ್ಯೆಯೊಬ್ಬಳ ಮಗಳನ್ನು ಹುಕ್ಕೇರಿ ತಾಲೂಕಿನ ಒಂದು ಊರಿಗೆ ಕೊಟ್ಟಿದ್ದರು. ಮದುವೆಯಾಗಿ ಎರಡು ವರ್ಷ ಆಗಿರಲಿಲ್ಲ, ಮುಂಗೈ ಮುರಿದಿದೆ ಎಂದು ಸುದ್ದಿ ಬಂತು. ತಾಯಿಯ ಜೊತೆ ನಾನೂ ದವಾಖಾನೆಗೆ ಹೋದೆ. ನರ್ಸಬಾಯಿ ಕೇಳಿದರು, "ಏನಾತವಾ?" ಅತ್ತೆ ಮಗ್ಗುಲಲ್ಲೇ ನಿಂತಿದ್ದಳು. "ಬಚ್ಚಲದಾಗ ಜಾರಿ ಬಿದ್ನಿರಿ ಬಾಯಾರ" ಎಂದಳು ಹುಡುಗಿ. ಚೀಟಿಯಲ್ಲಿ ಹಾಗೆಯೇ ಬರೆದರು, ಪಟ್ಟಿ ಕಟ್ಟಿ ಕಳಿಸಿದರು. ಆರು ತಿಂಗಳ ಮೇಲೆ ಹುಡುಗಿ ತವರಿಗೆ ಬಂದು ಇದ್ದದ್ದನ್ನೆಲ್ಲ ಹೇಳಿದಳು. ಮೋಟರ್ ಸೈಕಲ್ಲಿಗೆ ಹಣ ತಾ ಎಂದು ಗಂಡ ಬಡಿಗೆ ಎತ್ತಿದಾಗ ತಲೆ ಉಳಿಸಿಕೊಳ್ಳಲು ಕೈ ಅಡ್ಡ ಹಿಡಿದಿದ್ದಳಂತೆ. ಹಿರಿಯರು ಸೇರಿದ ಪಂಚಾಯ್ತಿಯಲ್ಲಿ ಗಂಡನ ಕಡೆಯವರು ತೆಗೆದು ತೋರಿಸಿದ್ದು ಅದೇ ಚೀಟಿ. ಜಾರಿ ಬಿದ್ದದ್ದು ಎಂದು ಸರಕಾರಿ ದವಾಖಾನೆಯವರೇ ಬರೆದಿದ್ದಾರಲ್ಲ!

ನಾನು ಆ ನರ್ಸಬಾಯಿಯನ್ನು ದೂರುವುದಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಏಟು ತಡೆಯಲು ಕೈ ಎತ್ತಿದಾಗ ಮುಂಗೈಯ ಹೊರಗಿನ ಎಲುಬು ಮುರಿಯುತ್ತದೆ, ಅಂಥ ಮುರಿತ ಕಂಡರೆ ಅನುಮಾನ ಪಡಬೇಕು, ಅತ್ತೆಯನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳಬೇಕು ಎಂದು ಅವರಿಗೆ ಯಾರು ಕಲಿಸಿದ್ದರು? ನನ್ನ ಪ್ರಶ್ನೆ ಅದು. ಕಲಿಸುವ ದಾರಿ ಈಗ ಅಂಗೈಯೊಳಗೇ ಬಂದಿದೆ. ಆದರೂ ಈ ಪಾಠ ಅದರಲ್ಲಿ ಏಕೆ ಮುಂದೆ ಬಂದಿಲ್ಲ?

ನೆನಪಿರಬಹುದು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಕೇಂದ್ರ ಸರಕಾರ ಶಾಲಾ ಮಾಸ್ತರರ ದೀಕ್ಷಾ ಜಾಲತಾಣದಲ್ಲೇ ಐಗಾಟ್ ಎಂಬ ಕಲಿಕಾ ವೇದಿಕೆ ತೆರೆಯಿತು. ವೈದ್ಯರಿಂದ ಹಿಡಿದು ಆಶಾ, ಅಂಗನವಾಡಿ ಕಾರ್ಯಕರ್ತೆಯರವರೆಗೆ ಕೊರೋನಾ ಪಾಠಗಳು ಫೋನಿನಲ್ಲೇ ಬಂದವು. ನಮ್ಮ ಓಣಿಯ ಆಶಾ ಮಗನ ಫೋನು ಇಸಿದುಕೊಂಡು, ಸಿಗ್ನಲ್ ಸಿಗಲೆಂದು ಮಾಳಿಗೆ ಹತ್ತಿ ಪಾಠ ನೋಡುತ್ತಿದ್ದಳು. ಒಂದೇ ಪಾಠವನ್ನು ಗೋಕಾಕದವರೂ ಮೂಡಲಗಿಯವರೂ ದೂರದ ಅಸ್ಸಾಮಿನವರೂ ಬಿಟ್ಟಿ ನೋಡಬಹುದು ಎಂಬುದು ಸಣ್ಣ ಮಾತಲ್ಲ.

ಇದಕ್ಕಿಂತ ನನಗೆ ಹಿಡಿಸಿದ್ದು ಎಕೋ ಎಂಬ ಕ್ರಮ. ಭಾರತ ಮೂಲದ ಡಾಕ್ಟರ್ ಸಂಜೀವ ಅರೋರಾ ಅವರು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇದನ್ನು ಶುರುಮಾಡಿದರು. ಯಕೃತ್ತಿನ ರೋಗಿಗಳು ತಜ್ಞರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಅದಕ್ಕೆ ಹಳ್ಳಿಯ ವೈದ್ಯರನ್ನೇ ಆಗಾಗ ವಿಡಿಯೋದಲ್ಲಿ ಕೂಡಿಸಿ, ಅವರ ಮುಂದಿರುವ ರೋಗಿಯ ಸ್ಥಿತಿಯನ್ನೇ ಎಲ್ಲರೂ ಚರ್ಚಿಸುವಂತೆ ಮಾಡಿದರು. ರೋಗಿಯ ಹೆಸರು ಹೇಳುವುದಿಲ್ಲ, ಕಷ್ಟ ಮಾತ್ರ ಹೇಳುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಮಾನಸಿಕ ಕಾಯಿಲೆ, ಕುಡಿತದ ಚಟದ ಬಗ್ಗೆ ಇದೇ ರೀತಿ ಕಲಿಸುತ್ತಿದೆ. ಪಾಠ ಒಪ್ಪಿಸಿ ಎದ್ದು ಹೋಗುವುದಲ್ಲ ಇದು. ನಮ್ಮ ವಾರದ ಸಭೆಯ ಹಾಗೆ, ಒಬ್ಬಳ ಗಂಟನ್ನು ಹತ್ತು ಜನ ಬಿಚ್ಚುವುದು.

ಹೆಣ್ಣುಮಕ್ಕಳಿಗೆ ಸರಿಯಾಗಿ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಬಾಣಂತಿಗೆ ರಕ್ತ ಹರಿದು ಪ್ರಾಣ ಹೋಗುವುದನ್ನು ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಹಳ್ಳಿಯ ಎ.ಎನ್.ಎಂ.ಗಳ ಕೈಯಲ್ಲೇ ಕೊಡಿಸಿದ ಅಧ್ಯಯನ ಬೆಳಗಾವಿ ಜಿಲ್ಲೆಯಲ್ಲಿ ನಡೆದು 2006ರಲ್ಲಿ ಪ್ರಕಟವಾಯಿತು. 1620 ತಾಯಂದಿರಿದ್ದರು. ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಮುಂದೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಮತ್ತು ಎ.ಎನ್.ಎಂ.ಗಳಿಗೆ ಫೋನಿನ ಆ್ಯಪ್ ಕೊಟ್ಟು ಗರ್ಭಿಣಿಯರ ರಕ್ತದೊತ್ತಡ ನೋಡಿಸಿದರು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ಇದೇ ಪ್ರಯೋಗ ನಡೆಯಿತು. ಒಟ್ಟಾರೆ ನೋಡಿದರೆ ತಾಯಿ ಮಕ್ಕಳ ಸಾವುನೋವು ಕಡಿಮೆ ಆಗಲಿಲ್ಲ. ಆದರೆ ಎಂಟು ಸಲ ಅಥವಾ ಅದಕ್ಕೂ ಹೆಚ್ಚು ಸಲ ಕಾರ್ಯಕರ್ತೆಯನ್ನು ಕಂಡ ಗರ್ಭಿಣಿಯರಲ್ಲಿ ಸತ್ತು ಹುಟ್ಟುವ ಕೂಸುಗಳು ಕಡಿಮೆ ಇದ್ದವು. ಫೋನು ಕೊಟ್ಟೊಡನೆ ಕೆಲಸ ಮುಗಿಯಿತು ಎನ್ನುವ ಅಧಿಕಾರಿಗಳು ಇದನ್ನು ಎರಡು ಸಲ ಓದಬೇಕು.

ಈಗ ಏಟಿನ ಮಾತಿಗೆ ಬರುತ್ತೇನೆ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಉಂಡಿದ್ದೇವೆ ಎಂದರು. ಇಡೀ ದೇಶದಲ್ಲಿ ಇದೇ ಹೆಚ್ಚು. ಇನ್ನು ದೇಶದ ಲೆಕ್ಕದಲ್ಲಿ, ಹಿಂಸೆ ಉಂಡವರಲ್ಲಿ ಯಾರದಾದರೂ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದವಳೂ ಕೂಸಿನ ಲಸಿಕೆಗೆ, ಬಸುರಿನ ತಪಾಸಣೆಗೆ ದವಾಖಾನೆಗೆ ಬಂದೇ ಬರುತ್ತಾಳೆ. ಅವಳು ಬಾಯಿ ಬಿಡಬಹುದಾದ ಒಂದೇ ಜಾಗ ಅದು.

ಏನು ಕಲಿಸಬೇಕು ಎಂಬುದನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಕೈಪಿಡಿ ತಂದಿದೆ. ಹೇಳಿದ್ದನ್ನು ಕಿವಿಗೊಟ್ಟು ಕೇಳು, ಏನು ಬೇಕೆಂದು ವಿಚಾರಿಸು, ನಿನ್ನ ತಪ್ಪಲ್ಲ ಎಂದು ನಂಬಿಕೆ ಕೊಡು, ಜೀವಕ್ಕೆ ಅಪಾಯವಿದೆಯೇ ನೋಡು, ಆಸರೆಯ ದಾರಿ ತೋರು. ಇಷ್ಟೇ. ಗಂಡ, ಅತ್ತೆ ಎದುರಿಗಿದ್ದಾಗ ಮಾತ್ರ ಕೇಳಬಾರದು. ಆಶಾಗಳಿಗೆಂದೇ ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆಯ ಕೈಪಿಡಿಯೂ ಇದೆ. ನಾನು ಮೂರೂ ತಾಲೂಕಿನಲ್ಲಿ ಸಂಘದ ಕೆಲಸಕ್ಕೆ ತಿರುಗುವಾಗ ಕಂಡ ಕಂಡ ಆಶಾಗಳನ್ನು ಕೇಳಿದೆ. ಅದನ್ನು ಓದಿದೆ ಎಂದವರು ನನಗೆ ಸಿಗಲಿಲ್ಲ.

ಕಾನೂನಂತೂ ಇನ್ನೂ ಸ್ಪಷ್ಟ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರದು, ಅದರ ನಿಯಮಗಳು 2006ರವು. 17ನೇ ನಿಯಮವನ್ನು ನೀವೆಲ್ಲ ಗುರುತು ಹಾಕಿಕೊಳ್ಳಿ. ದೂರು ಕೊಟ್ಟಿಲ್ಲ ಎಂದು ದವಾಖಾನೆಯವರು ಚಿಕಿತ್ಸೆ ನಿರಾಕರಿಸುವಂತಿಲ್ಲ. ಹಿಂಸೆಯ ವರದಿ ಆಗಿಲ್ಲದಿದ್ದರೆ ದವಾಖಾನೆಯ ಮುಖ್ಯಸ್ಥರೇ ಒಂದನೇ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರೇ ಆ ಅಧಿಕಾರಿ. ತಪಾಸಣೆಯ ವರದಿಯ ಪ್ರತಿಯನ್ನು ಹೆಂಗಸಿಗೆ ಹಣ ತೆಗೆದುಕೊಳ್ಳದೆ ಕೊಡಬೇಕು. ಆ ಹುಡುಗಿಯ ಕೈಗೆ ಆ ದಿನ ಇಂಥದ್ದೊಂದು ಕಾಗದ ಸಿಕ್ಕಿದ್ದರೆ!

ಇನ್ನೊಂದು ಮಾತು, ಹೇಳಲು ನಾಚಿಕೆ, ಆದರೂ ಹೇಳಬೇಕು. ಆಶಾಳೂ ಒಬ್ಬರ ಹೆಂಡತಿಯೇ. ನನಗೆ ಗೊತ್ತಿರುವ ಒಬ್ಬಳ ಫೋನು ಸಂಜೆ ಆರಾದರೆ ಗಂಡನ ಕಿಸೆಯಲ್ಲಿ. ಹೆಂಡತಿಯನ್ನು ಹೊಡೆಯುವುದು ಅಪರಾಧ ಎಂಬ ಪಾಠವನ್ನು ಅವಳು ಹೊಡೆಯುವವನ ಮುಂದೆ ಕುಳಿತು ಕೇಳಬೇಕೇ? ಮನೆಗೆಲಸ, ಸರ್ವೇ ಎಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ವಿಡಿಯೋ ನೋಡಿ ಪ್ರಮಾಣಪತ್ರ ತೆಗೆದರೆ ಅದನ್ನು ತರಬೇತಿ ಎನ್ನುತ್ತಾರೆ, ಕೂಲಿ ಕೊಡುವುದಿಲ್ಲ. ಈ ಪಾಠವನ್ನು ಆರೋಗ್ಯ ಕೇಂದ್ರದಲ್ಲಿ, ಹಗಲಿನಲ್ಲಿ, ಕೂಡಿ ಕುಳಿತು ನೋಡಬೇಕು. ಆ ದಿನದ ಭತ್ಯೆ ಕೊಡಬೇಕು. ಪಾಠ ನಮ್ಮ ಮಾತಿನಲ್ಲಿರಬೇಕು. ಗಡಿಯ ಊರುಗಳಲ್ಲಿ ಮರಾಠಿಯಲ್ಲಿ ಅಳುವ ಹೆಣ್ಣುಮಕ್ಕಳೂ ಇದ್ದಾರೆ, ಅದೂ ನೆನಪಿರಲಿ.

ಆ ಪಾಠ ಸಂಘಗಳಿಗೂ ತೆರೆದಿರಲಿ ಎಂದು ನಾನು ಹೇಳಿದಾಗ ನಮ್ಮಲ್ಲೇ ಒಬ್ಬ ಹಿರಿಯಳು ನಕ್ಕಳು: "ಸಂಘದಾಗ ಅತ್ತೆಂದಿರೂ ಅದಾರ, ಅವರಿಗೂ ತೋರಸ್ತಿಯೇನ?" ಮಾತು ಸುಳ್ಳಲ್ಲ. ಹೊಡೆಸಿದವರೂ ಹೊಡೆಸಿಕೊಂಡವರೂ ಒಂದೇ ಚಾಪೆಯ ಮೇಲೆ ಕೂಡುತ್ತೇವೆ. ಅದಕ್ಕೇ ಎಕೋದಲ್ಲಿರುವಂತೆ ಯಾರ ಹೆಸರೂ ಬರಬಾರದು, ಪಾಠ ಮಾತ್ರ ಬರಲಿ ಎನ್ನುತ್ತೇನೆ. ಅತ್ತೆಯೂ ನೋಡಲಿ. ಓದು ಬಾರದವರಿಗೆ ಇದೆಲ್ಲ ಎಲ್ಲಿ ತಿಳಿದೀತು ಎನ್ನುವವರಿಗೆ ಗೋಕಾಕ ತಾಲೂಕಿನ ಘಟಪ್ರಭಾವನ್ನು ತೋರಿಸುತ್ತೇನೆ. ಅಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದ ಹೆಂಗಸರು 1997ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ ಒಬ್ಬರಿಗೊಬ್ಬರು ಕಲಿಸಿದರು. ಅದನ್ನು ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಮೂರೂ ತಾಲೂಕಿನ ಸಂಘಗಳಿಂದ ತಾಲೂಕು ಆರೋಗ್ಯಾಧಿಕಾರಿಗಳಿಗೆ ಮತ್ತು ಸಿಡಿಪಿಒ ಅವರಿಗೆ ಕೊಡಲು ಒಂದು ಮನವಿ ಬರೆದಿದ್ದೇನೆ. ಸಹಿಯಾಗಲಿ ಹೆಬ್ಬೆಟ್ಟಾಗಲಿ, ನಿಮ್ಮ ಸಂಘದ ಠರಾವು ಪುಸ್ತಕದಲ್ಲಿ ಬರೆಸಿ ಕಳಿಸಿರಿ. ಒಂದನೇ ನಮೂನೆಯ ಹತ್ತು ಪ್ರತಿ ತೆಗೆಸಿ ನಮ್ಮ ಸಂಘದ ಪೆಟ್ಟಿಗೆಯಲ್ಲಿ, ಉಳಿತಾಯದ ಪುಸ್ತಕಗಳ ಕೆಳಗೆ ಇಟ್ಟಿದ್ದೇನೆ. ಈಗಾಗಲೇ ಎರಡು ಖರ್ಚಾಗಿವೆ.